ಜಗಳವಾಡದ ಮೀನುಗಳು

ಹಲ್ಲು ಕೀಳಿಸಿಕೊಳ್ಳಲು ಲಿಂಗಸುಗೂರಿಗೆ ಹೋಗಿದ್ದೆ. ನನ್ನ ಪಾಳಿ ಬರುವುದಕ್ಕೆ ಇನ್ನೂ ಹೊತ್ತಿತ್ತು. ದವಾಖಾನೆಯಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು ಮೂಲೆಯ ಗಾಜಿನ ತೊಟ್ಟಿಯ ಮುಚ್ಚಳ ತೆಗೆದು, ಚಿಕ್ಕ ಡಬ್ಬಿಯಿಂದ ಮೀನುಗಳಿಗೆ ಚಿಟಿಕೆ ಪುಡಿ ಉದುರಿಸಿದಳು. ಒಣಸಿಗಡಿ, ಪಾಚಿ, ಬೆಚ್ಚಗೆ ನಿಂತ ನೀರು ಎಲ್ಲ ಕಲೆತಂಥ ಒಂದು ವಾಸನೆ ಬಂತು. ಸ್ಪಿರಿಟ್ಟು, ಲವಂಗದೆಣ್ಣೆಗಳ ಘಾಟಿನ ನಡುವೆಯೂ ಅದು ನನ್ನನ್ನು ಹಿಡಿದು ಎಳೆದುಕೊಂಡು ಹೋಯಿತು... ಸಿಂಧನೂರಿನ ಟೈಪಿಂಗ್ ಸರ್ ಮನೆಯ ಹಿಂದಿನ ಕೋಣೆಗೆ. ಆಮೇಲೆ ಆ ಹುಡುಗಿ ನನ್ನ ಹೆಸರು ಹಿಡಿದು ಕರೆದಳಂತೆ. ಪಕ್ಕದವರು ಮುಟ್ಟಿ ಹೇಳುವ ತನಕ ನನಗೆ ಕೇಳಿಸಿರಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳವು. ಸಿಂಧನೂರಿನ ಪ್ರಾಥಮಿಕ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ನನ್ನ ಗಂಡನಿಗೆ ಕಾಲುವೆ ಇಲಾಖೆಯಲ್ಲಿ ನೌಕರಿ. ತಿಂಗಳಲ್ಲಿ ಅರ್ಧ ಅವರು ಊರಲ್ಲಿರುತ್ತಿರಲಿಲ್ಲ. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಟೈಪಿಂಗ್ ಸರ್ ಮತ್ತು ಅವರ ಹೆಂಡತಿ. ರಸ್ತೆಗೆ ಮುಖ ಮಾಡಿದ ದೊಡ್ಡ ಕೋಣೆಯಲ್ಲಿ ಸರ್ ಟೈಪಿಂಗ್ ಕಲಿಸುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯ ತನಕ ಟಕಟಕ, ಸಾಲು ಮುಗಿದಾಗ ಕಿಣ್ ಎಂದು ಗಂಟೆ. ಮೊದಲ ವಾರ ನನಗೆ ತಲೆಶೂಲೆ ಬಂದಿತ್ತು. ಆಮೇಲೆ ರವಿವಾರ ಆ ಸದ್ದು ಇಲ್ಲದಿದ್ದರೆ ಏನೋ ಕಳೆದುಕೊಂಡ ಹಾಗೆ ಆಗತೊಡಗಿತು.

ಸರ್ ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಮಾತೆಲ್ಲ ಅವರ ಹೆಂಡತಿಯದು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಆಗಿನ್ನೂ ನಲವತ್ತರ ಆಸುಪಾಸು, ಗಟ್ಟಿ ಆಳು. ಅಡುಗೆಮನೆಯಿಂದ ಕೂಗಿದರೆ ಅಷ್ಟೂ ಮಿಷನ್ನುಗಳ ಸದ್ದು ದಾಟಿ ರಸ್ತೆಯವರೆಗೆ ಕೇಳುತ್ತಿತ್ತು. ಯಾವನಾದರೂ ಹುಡುಗ ಕೀಲಿಗಳನ್ನು ಜೋರಾಗಿ ಕುಟ್ಟಿದರೆ ಒಳಗಿನಿಂದಲೇ, "ಆ ಮಿಷನ್ ಏನ್ ನಿನ್ ವೈರಿ ಏನಲೇ? ಸಾವಕಾಶ ಹೊಡಿ!" ಎನ್ನುತ್ತಿದ್ದರು. ಅವರ ತವರು ಮುಕ್ಕುಂದ, ಹೊಳೆದಂಡೆಯ ಊರು. ಸಿಂಧನೂರಿನ ನೀರಿನ ಮೇಲೆ ಅವರಿಗೆ ಒಂದು ಬಗೆಯ ತಿರಸ್ಕಾರವಿತ್ತು.

"ಇದೂ ಒಂದು ನೀರೇನ್ರೀ? ಕಾಲುವಿ ಬಿಟ್ಟಾಗ ಬರ್ತೈತಿ, ಬಂದ್ ಮಾಡಿದಾಗ ಹೋಗ್ತೈತಿ. ನಮ್ಮೂರಿಗೆ ಬರ್ರಿ, ಹೊಳಿ ತೋರಿಸ್ತೀನಿ."

ಹೋಗಬೇಕು ಹೋಗಬೇಕು ಎಂದುಕೊಂಡೇ ಉಳಿಯಿತು. ಒಂದು ಬೆಳಿಗ್ಗೆ ನಳದ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಅಕ್ಕ ಹಾಗೆಯೇ ಪಕ್ಕಕ್ಕೆ ವಾಲಿ ಬಿದ್ದರು. ಓಣಿಯವರೆಲ್ಲ ಸೇರಿ ಜೀಪಿನಲ್ಲಿ ಹಾಕಿ ರಾಯಚೂರಿಗೆ ಸಾಗಿಸಿದೆವು. ಲಕ್ವಾ ಹೊಡೆದಿತ್ತು. ಕೆಲವು ವಾರಗಳ ಮೇಲೆ ಮನೆಗೆ ಕರೆತಂದಾಗ ಬಲಗೈ, ಬಲಗಾಲು ಸತ್ತಿದ್ದವು. ಮಾತು ಹೋಗಿತ್ತು. ಪೂರ್ತಿ ಹೋಗಿದ್ದರೆ ಬೇರೆ... ಒಂದೇ ಒಂದು ಶಬ್ದ ಉಳಿದಿತ್ತು. "ಬ್ಯಾಡ."

ಊಟ ಬೇಕಾದರೂ ಬ್ಯಾಡ, ಸಾಕಾದರೂ ಬ್ಯಾಡ. ಸೆಕೆಯಾದರೆ, ನೊಣ ಕೂತರೆ, ಯಾರಾದರೂ ಮಾತಾಡಿಸಲು ಬಂದರೆ ಅದೇ ಮಾತು. "ಒಳಗ ಎಲ್ಲಾ ತಿಳೀತೈತಂತ ಆಕಿಗೆ. ಹೇಳಾಕ ಹೋದ್ರ ನಾಲಿಗಿ ಮ್ಯಾಲ ಅದೊಂದ ಬರ್ತೈತಂತ. ಡಾಕ್ಟರ್ ಹೇಳ್ಯಾರ" ಎಂದು ಸರ್ ಹೇಳಿದರು. ಹೇಳುವಾಗ ಗೋಡೆ ನೋಡುತ್ತಿದ್ದರು.

ಹಿಂದಿನ ಕೋಣೆಯಲ್ಲಿ ಅಕ್ಕನ ಮಂಚ. ಕಿಟಕಿ ಎತ್ತರದಲ್ಲಿತ್ತು, ಮಲಗಿದವರಿಗೆ ಒಂದು ತುಂಡು ಆಕಾಶ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಒಮ್ಮೆ ಸರ್ ಬಾಡಿಗೆ ಕಾರು ಮಾಡಿ ಅವರನ್ನು ಮುಕ್ಕುಂದಕ್ಕೆ ಕರೆದೊಯ್ಯಲು ನೋಡಿದರು. ರಸ್ತೆಯ ಕುಲುಕಾಟಕ್ಕೆ ಅಕ್ಕ ಚೀರಿಕೊಂಡರಂತೆ. ಅರ್ಧ ದಾರಿಯಿಂದ ತಿರುಗಿ ಬಂದರು. ಅದಾದ ಮೇಲೆ ಸರ್ ಹೈದರಾಬಾದಿಗೆ ಹೋಗಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಒಂದು ಗಾಜಿನ ತೊಟ್ಟಿ ತಂದರು. ಪ್ಲಾಸ್ಟಿಕ್ ಚೀಲಗಳಲ್ಲಿ ಮೀನು.

"ಹೊಳಿ ಅಂತೂ ತರಾಕ ಆಗಂಗಿಲ್ಲ ಟೀಚರ್" ಎಂದರು, ನಾಚಿಕೊಂಡವರ ಹಾಗೆ.

ಆ ಮೊದಲ ಸಲ ಅವರಿಗೆ ಮೀನಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಇವೆಲ್ಲ ಕೂಡಿ ಇರುತ್ತವೆಯೇ ಎಂದು ಅಂಗಡಿಯವನನ್ನು ಕೇಳಿದ್ದರಂತೆ. ಅವನು, "ಸಬ್ ಮಿಲ್ಕೇ ರಹತೇ ಸಾಬ್" ಎಂದು ಚೀಲಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಕೊಟ್ಟಿದ್ದ. ಒಂದು ಜೋಡಿ ಬಂಗಾರದ ಮೀನು, ಬೀಸಣಿಕೆಯಂಥ ಬಾಲದ ಗಪ್ಪಿಗಳು, ಉದ್ದ ರೆಕ್ಕೆಯ ತೆಳ್ಳನೆ ಏಂಜಲ್ ಒಂದು, ಮತ್ತೆ ಕಂದು ಬಣ್ಣದ, ಕೆಂಪು ಚುಕ್ಕೆಯ, ಕಿರುಬೆರಳಿನಷ್ಟಿದ್ದ ಇನ್ನೊಂದು. ಅದಕ್ಕೆ ಆಸ್ಕರ್ ಎನ್ನುತ್ತಿದ್ದರು. ತೊಟ್ಟಿಯನ್ನು ಅಕ್ಕನ ಮಂಚದ ಎದುರಿಗೆ, ಅವರ ಕಣ್ಣಿನ ಮಟ್ಟಕ್ಕೆ ಇಟ್ಟರು. ದೀಪ ಹಚ್ಚಿದಾಗ ಅಕ್ಕನ ಮುಖ ನೋಡಬೇಕಿತ್ತು. ಎಡಗೈ ಎತ್ತಿ ಬೆರಳಿನಿಂದ ಒಂದೊಂದೇ ಮೀನಿನ ಬೆನ್ನು ಹತ್ತಿದರು.

ಮೂರು ವರ್ಷದ ನನ್ನ ಮಗಳಿಗಂತೂ ಅದೇ ಆಟದ ಮನೆಯಾಯಿತು. ಅವಳು ಒಳಗೆ ಬಂದ ಕೂಡಲೇ ಅಕ್ಕ ಮೆತ್ತಗೆ "ಬ್ಯಾಡ" ಎನ್ನುತ್ತಿದ್ದರು. ನನ್ನ ಮಗಳು ಅದನ್ನು ಬಾ ಎಂದೇ ತಿಳಿದಿದ್ದಳು. ಬಾಗಿಲಲ್ಲೇ ನಿಂತು, "ಬ್ಯಾಡ ಅತ್ತೀ!" ಎಂದು ಕೂಗಿ ಒಳಗೆ ಓಡುತ್ತಿದ್ದಳು. ಆಗ ಅಕ್ಕ ನಗುತ್ತಿದ್ದರು. ಅರ್ಧ ಮುಖದ ನಗು.

ಆಸ್ಕರ್ ಬೆಳೆಯಿತು. ಕೆಲವೇ ತಿಂಗಳಲ್ಲಿ ಅಂಗೈಯಗಲ. ಗಪ್ಪಿಗಳು ಕಡಿಮೆಯಾಗತೊಡಗಿದವು, ಸತ್ತು ತಳ ಸೇರಿರಬೇಕೆಂದು ಸರ್ ಉಸುಕು ಕೆದಕಿ ಹುಡುಕಿದರು. ಒಂದು ದಿನ ನಾನು ಶಾಲೆಯಿಂದ ಬರುವಾಗ ಸರ್ ನಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಹುಡುಗರು ಟೈಪ್ ಮಾಡುತ್ತಲೇ ಇದ್ದರು.

"ಏನಾತ್ರೀ ಸರ್?"

"ಏಂಜಲ್ ಹೋತು. ಒಂದ ಸಲಕ್ಕ ನುಂಗಾಕ ಆಗಲಿಲ್ಲ ಆ ಆಸ್ಕರ್‌ಗ. ರೆಕ್ಕಿ ಹರಿದು, ಕಣ್ಣು ಕಿತ್ತು... ಮಧ್ಯಾಹ್ನ ಪೂರ್ತಿ ನಡದೈತಿ." ಹಿಂದಿನ ಕೋಣೆಯ ಕಡೆ ಕೈ ಮಾಡಿ ಹೇಳಿದರು. "ಆಕಿ ಕರದಾಳ್ರೀ. ಬ್ಯಾಡ ಬ್ಯಾಡ ಅಂತ ಕರದಾಳ. ನನಗ ಕೇಳಿಸಿತ್ತು. ದಿನಾ ಅಂತಾಳಲ್ಲ ಅಂತ ನಾ ಎದ್ದು ಹೋಗಲಿಲ್ಲ."

ನಾನು ಒಳಗೆ ಹೋದೆ. ಅಕ್ಕನ ದಿಂಬು ತೊಯ್ದಿತ್ತು. ದನಿ ಬಿದ್ದುಹೋಗಿತ್ತು. ಕಣ್ಣ ಮುಂದೆ ಆಗುತ್ತಿದ್ದುದನ್ನು ತಡೆಯಲು ಆ ಹೆಂಗಸಿಗೆ ಜಗತ್ತಿನಲ್ಲಿ ಒಂದೇ ಶಬ್ದವಿತ್ತು. ಅವತ್ತು ಅದೇ ಸರಿಯಾದ ಶಬ್ದವೂ ಆಗಿತ್ತು. ಆದರೂ ಯಾರೂ ಬಂದಿರಲಿಲ್ಲ.

ಆಸ್ಕರನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನವರಿಗೆ ಕೊಟ್ಟರು. ಆದರೆ ಅಕ್ಕ ತೊಟ್ಟಿಯ ಕಡೆಗೆ ನೋಡುವುದನ್ನು ಬಿಟ್ಟರು. ತಿರುಗಿಸಲು ಅವರಿಗೆ ಬರುತ್ತಿದ್ದುದು ಕುತ್ತಿಗೆಯೊಂದೇ. ಅದನ್ನು ಗೋಡೆಯ ಕಡೆಗೆ ತಿರುಗಿಸಿದರು. ನನ್ನ ಮಗಳು ಬಂದು ಕರೆದರೂ ತಿರುಗಲಿಲ್ಲ. ಊಟವೂ ಕಡಿಮೆಯಾಯಿತು. ತುತ್ತು ಹಿಡಿದು ಕೂತು ಕೂತು ಸರ್ ಸೋತರು. "ಒಂದು ನೋಡಾಕತ್ತಿದ್ಲು, ಅದನ್ನೂ ನಾನ ಕೆಡಿಸಿದೆ ನೋಡ್ರಿ" ಎಂದರು.

ಸರ್ ಮೀನು ಕಲಿಯತೊಡಗಿದ್ದು ಆಗ. ಮತ್ತೆ ಹೈದರಾಬಾದಿಗೆ ಹೋದರು. ಅಂಗಡಿಯಲ್ಲಿ ಒಂದೊಂದು ತೊಟ್ಟಿಯ ಮುಂದೆಯೂ ಅಂಗಡಿಯವನು ಬೇಸತ್ತು ಬೈಯುವ ತನಕ ನಿಂತರಂತೆ. ಯಾವುದು ಯಾವುದನ್ನು ಅಟ್ಟುತ್ತದೆ, ಯಾವುದು ಮೂಲೆಯಲ್ಲಿ ಅಡಗುತ್ತದೆ, ಬೆಳೆದರೆ ಎಷ್ಟಾಗುತ್ತದೆ ಎಂದು ನೋಡಿದರು, ಕೇಳಿದರು. ಊರಿಗೆ ಬಂದು ನನ್ನೆದುರು ಹೇಳಿಕೊಳ್ಳುತ್ತಿದ್ದರು. ಹೇಳಿಕೊಳ್ಳಲು ಅವರಿಗೆ ಬೇರೆ ಯಾರಿದ್ದರು?

"ಒಂದರ ಬಾಯಾಗ ಇನ್ನೊಂದು ಹಿಡಿಯಂಗ ಇರಬಾರದು ಟೀಚರ್. ಈಗಿನ ಬಾಯಿ ಅಲ್ಲ, ಬೆಳೆದ ಮ್ಯಾಲಿನ ಬಾಯಿ. ಉದ್ದ ರೆಕ್ಕಿ ಇದ್ದದ್ದರ ಜೊತಿ ಕಚ್ಚೋ ಚಟ ಇದ್ದದ್ದು ಬ್ಯಾಡ. ಮ್ಯಾಲ ಈಸೋದು, ನಡುವ ಈಸೋದು, ತಳದಾಗ ಇರೋದು ಅಂತ ಆರಿಸಿದ್ರ ಒಂದರ ಜಾಗಕ್ಕ ಇನ್ನೊಂದು ಬರಂಗಿಲ್ಲ. ಮತ್ತ ಎಲ್ಲಾಕ್ಕೂ ನಮ್ಮ ನೀರು ಒಗ್ಗಬೇಕಲ್ಲ, ಈ ಸವಳ ನೀರು!"

ಅಂಗಳದಲ್ಲಿ ಬಟ್ಟೆ ತೊಳೆಯುವ ಸಿಮೆಂಟಿನ ತೊಟ್ಟಿಯಿತ್ತು. ಉಳಿದಿದ್ದ ಹಳೆಯ ಮೀನುಗಳನ್ನೂ ಹೊಸವನ್ನೂ ಮೊದಲು ಅದರಲ್ಲಿ ಕೂಡಿ ಬಿಟ್ಟು ವಾರಗಟ್ಟಲೆ ಕಾಯುತ್ತಿದ್ದರು. ಒಂದು ಸಲ ಹುಲಿಯ ಹಾಗೆ ಪಟ್ಟೆಯಿದ್ದ ಚಂದದ ಮೀನುಗಳನ್ನು ತಂದರು. ನಾಲ್ಕು ದಿನ ಎಲ್ಲ ಸರಿಯಿತ್ತು. ಐದನೆಯ ದಿನ ಉಳಿದಿದ್ದ ಒಂದೇ ಗಪ್ಪಿಯ ಬಾಲ ಅರ್ಧವಾಗಿತ್ತು. ಪಟ್ಟೆ ಮೀನುಗಳು ಟೈಪಿಂಗ್ ಹುಡುಗರ ಪಾಲಾದವು. ಬಂಗಾರದ ಮೀನುಗಳಿಗೆ ನಮ್ಮೂರಿನ ಸೆಕೆ ತಡೆಯುವುದಿಲ್ಲವೆಂದು ಗೊತ್ತಾಗುವ ಹೊತ್ತಿಗೆ ಅವು ಸತ್ತಿದ್ದವು. ಆ ಒಂದು ವರ್ಷ ಅವರು ತಂದಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು ಎನ್ನಿಸುತ್ತದೆ. ಕೋಣೆಯಲ್ಲಿ ಅಕ್ಕನ ಎದುರಿನ ತೊಟ್ಟಿ ಬರಿದಾಗಿಯೇ ಇತ್ತು. ನೀರು, ಒಂದಿಷ್ಟು ಗಿಡ, ಗುಳ್ಳೆ ಬಿಡುವ ಪಂಪು. ಅಕ್ಕ ಗೋಡೆ ನೋಡುತ್ತ ಮಲಗಿರುತ್ತಿದ್ದರು.

ಕೊನೆಗೆ ನಾಲ್ಕು ಜಾತಿ ನಿಂತವು. ಕಾಡಿಗೆಯಷ್ಟು ಕಪ್ಪಗಿನ ಮಾಲಿಗಳು, ಕೆಂಪು ಪ್ಲಾಟಿಗಳು, ಎದೆಯಿಂದ ದಾರದಂಥ ಎರಡು ಮೀಸೆ ಇಳಿಬಿಟ್ಟ ಗೌರಾಮಿ ಜೋಡಿ, ತಳದ ಉಸುಕನ್ನು ಮೂಸುತ್ತ ತಿರುಗುವ ಕುಳ್ಳ ಮೀನುಗಳು. ಸಿಮೆಂಟಿನ ತೊಟ್ಟಿಯಲ್ಲಿ ಒಂದಿಡೀ ಚಳಿಗಾಲ ಅವು ಒಂದರ ಗೊಡವೆಗೆ ಒಂದು ಹೋಗದೆ ಇದ್ದವು. ಆಗ ಸರ್ ಅವನ್ನು ಒಳಗೆ ತಂದರು. ಕರೆಯಲಿಲ್ಲ, ಒತ್ತಾಯ ಮಾಡಲಿಲ್ಲ. ಬಿಟ್ಟು, ದೀಪ ಹಚ್ಚಿ, ಕ್ಲಾಸಿಗೆ ಹೋದರು.

ಆ ಸಂಜೆ ನನ್ನ ಮಗಳು ಓಡುತ್ತ ಬಂದಳು. "ಅತ್ತಿ ಮೀನ ನೋಡಾಕತ್ಯಾಳ ಅವ್ವಾ!"

ನಾನು ಹೋಗಿ ಬಾಗಿಲಲ್ಲಿ ನಿಂತೆ. ಅಕ್ಕನ ಕುತ್ತಿಗೆ ತಿರುಗಿತ್ತು. ಬೆರಳು ಒಂದು ಕಪ್ಪು ಮೀನಿನ ಹಿಂದೆ ನಿಧಾನವಾಗಿ ಹೋಗುತ್ತಿತ್ತು. ಸರ್ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತು, ಮೀನನ್ನಲ್ಲ, ಆ ಬೆರಳನ್ನೇ ನೋಡುತ್ತಿದ್ದರು.

ಒಂದೆರಡು ವರ್ಷ ಹಾಗೆ ನಡೆಯಿತು. ಆ ಕಾಲವನ್ನು ನೆನೆಸಿಕೊಂಡರೆ ಈಗಲೂ ಏನೋ ಸಮಾಧಾನ... ಅಕ್ಕನ "ಬ್ಯಾಡ"ದೊಳಗಿನ ಏರಿಳಿತಗಳು ನಮಗೆಲ್ಲ ಸ್ವಲ್ಪ ಸ್ವಲ್ಪ ತಿಳಿಯತೊಡಗಿದ್ದವು. ಎಳೆದು ಹೇಳಿದರೆ ನೀರು ಬೇಕು, ಮೊಟಕಾಗಿ ಹೇಳಿದರೆ ಫ್ಯಾನು. ತಿಳಿಯಿತೆಂದು ನಾವು ಅಂದುಕೊಂಡಿದ್ದೆವು, ಅಷ್ಟೇ. ಮೀನುಗಳು ಮರಿ ಹಾಕಿದವು. ದೊಡ್ಡವು ಮರಿಗಳನ್ನು ತಿನ್ನಬಾರದೆಂದು ಸರ್ ಕಾಲುವೆಯಿಂದ ದಟ್ಟನೆಯ ಜೊಂಡು ತಂದು ಬಿಟ್ಟರು. ಮರಿಗಳು ಉಳಿದವು, ಅವಕ್ಕೂ ಮರಿಯಾದವು. ಸಿಂಧನೂರಿನಲ್ಲಿ ಟೈಪಿಂಗ್ ಪಾಸಾದ ಎಷ್ಟೋ ಹುಡುಗ ಹುಡುಗಿಯರು ಆ ದಿನಗಳಲ್ಲಿ ಬಾಟಲಿಯಲ್ಲಿ ಒಂದೆರಡು ಮೀನು ಹಿಡಿದುಕೊಂಡೇ ಮನೆಗೆ ಹೋದದ್ದು.

ಆಮೇಲೆ ಬಂದ ಬೇಸಿಗೆ ಕೆಟ್ಟದ್ದು. ಕಾಲುವೆ ಬಂದ್ ಆಗಿತ್ತು. ಪರೀಕ್ಷೆ ಮುಗಿದು ಟೈಪಿಂಗಿನ ಕೋಣೆ ಖಾಲಿ. ಮರಿ ಒಯ್ಯುವವರೂ ಇರಲಿಲ್ಲ. ತೊಟ್ಟಿ ತುಂಬಿ ಹೋಗಿತ್ತು. ಜಗಳವಿಲ್ಲ, ಸಾವಿಲ್ಲ, ಹುಟ್ಟಿದ್ದೆಲ್ಲ ಬೆಳೆದಿತ್ತು. ಒಂದು ಸಂಜೆ ಎದ್ದ ಬಿರುಗಾಳಿಗೆ ಕಂಬಗಳು ಬಿದ್ದು, ಟ್ರಾನ್ಸ್‌ಫಾರ್ಮರ್ ಸುಟ್ಟು, ಇಡೀ ಓಣಿಗೆ ಕರೆಂಟ್ ಇರಲಿಲ್ಲ. ಮರುದಿನ ನಾನು ಬೆಳಗಿನ ಶಾಲೆ ಮುಗಿಸಿ ಬಂದು ಊಟಕ್ಕೆ ಕೂತಿದ್ದೆ. ಸರ್ ಬಾಗಿಲಿಗೆ ಬಂದು, "ಟೀಚರ್, ಒಂದು ಚರಿಗಿ ತಗೊಂಡು ಬರ್ರಿ" ಎಂದರು.

ಪಂಪು ನಿಂತು ಎಷ್ಟೋ ಹೊತ್ತಾಗಿತ್ತು. ನೀರು ಬೆಚ್ಚಗಾಗಿತ್ತು. ಮೀನುಗಳೆಲ್ಲ ಮೇಲೆ ಬಂದು, ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಅಷ್ಟು ಬಾಯಿ. ನೀರಿನ ಮೇಲ್ಮೈ ಕುದಿಯುತ್ತಿದೆಯೇನೋ ಎನ್ನುವ ಹಾಗೆ. ಚರಿಗೆಯಲ್ಲಿ ನೀರು ಮೊಗೆದು ಎತ್ತರದಿಂದ ಸುರಿದರೆ ಗಾಳಿ ಬೆರೆಯುತ್ತದೆ ಎಂದು ಸರ್ ಹೇಳಿದರು. ಮೊಗೆದು ಸುರಿದೆವು, ಮೊಗೆದು ಸುರಿದೆವು. ಒಬ್ಬರ ಕೈ ಸೋತರೆ ಇನ್ನೊಬ್ಬರು. ಅರ್ಧ ಮೀನುಗಳನ್ನಾದರೂ ಅಂಗಳದ ಸಿಮೆಂಟಿನ ತೊಟ್ಟಿಗೆ ಹಾಕೋಣವೆಂದರೆ ಅದರ ನೀರು ಬಿಸಿಲಿಗೆ ಕೈ ಸುಡುತ್ತಿತ್ತು. ಬೋರಿನ ನೀರು ತರೋಣವೆಂದರೆ ಬೋರಿಗೂ ಕರೆಂಟ್ ಬೇಕು. ನೆರೆಯವರ ಕೊಡಗಳಲ್ಲಿ ಕುಡಿಯುವಷ್ಟೇ ನೀರು. ಕೇಳಲು ಬಾಯಿ ಬರಲಿಲ್ಲ, ಆದರೂ ಕೇಳಿದೆ. ಒಬ್ಬಾಕೆ ಅರ್ಧ ಕೊಡ ಕೊಟ್ಟಳು. ಅದು ಎಲ್ಲಿಗೂ ಸಾಲಲಿಲ್ಲ.

ಅಕ್ಕ ನೋಡುತ್ತಿದ್ದರು. ಅಂದು ಅವರನ್ನು ಗೋಡೆಯ ಕಡೆಗೆ ತಿರುಗಿಸಿ ಮಲಗಿಸೋಣವೆಂದು ನಾನು ಭುಜ ಮುಟ್ಟಿದರೆ ಎಡಗೈಯಿಂದ ನನ್ನ ಕೈ ತಳ್ಳಿದರು. "ಬ್ಯಾಡ" ಎಂದರು. ಆಮೇಲೆ ನಿಲ್ಲಿಸಲಿಲ್ಲ. ಬ್ಯಾಡ, ಬ್ಯಾಡ, ಬ್ಯಾಡ... ನಮಗೆ ಗೊತ್ತಿದ್ದ ಯಾವ ದನಿಯೂ ಅದಾಗಿರಲಿಲ್ಲ. ನೀರು ಕೇಳುವುದಲ್ಲ, ಫ್ಯಾನು ಕೇಳುವುದಲ್ಲ. ಒಂದೇ ಸಮನೆ, ಸರ್ ಮುಖವನ್ನೇ ನೋಡುತ್ತ.

ಮೊದಲು ತಳದ ಕುಳ್ಳ ಮೀನುಗಳು ಮಗ್ಗುಲಾದವು. ಆಮೇಲೆ ಪ್ಲಾಟಿಗಳು. ಸರ್ ಸುರಿಯುತ್ತಲೇ ಇದ್ದರು. ಅಂಗಿ ತೊಯ್ದು ಮೈಗೆ ಅಂಟಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಅವರ ಕೈಯೂ ಸೋತಿತು. ಚರಿಗೆ ಕೆಳಗಿಟ್ಟು ಅಕ್ಕನ ಕಡೆ ತಿರುಗಿದರು.

"ಏನ್ ಬ್ಯಾಡ? ಏನ್ ಬ್ಯಾಡಲೇ? ಏನ್ ಮಾಡ್ಲಿ ಹೇಳು ನಾನು!"

ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಕ್ಕ ಸುಮ್ಮನಾದರು. ಸರ್ ಮಂಚದ ಅಂಚಿನಲ್ಲಿ ಕುಸಿದು ಕೂತು, ಅವರ ಸರಿಯಿದ್ದ ಕೈಯನ್ನು ಹಿಡಿದುಕೊಂಡರು. ಮತ್ತೆ ಚರಿಗೆ ಎತ್ತಲಿಲ್ಲ. ಇಬ್ಬರೂ ತೊಟ್ಟಿ ನೋಡುತ್ತ ಕೂತರು. ನಾನು ಇನ್ನಷ್ಟು ಹೊತ್ತು ಸುರಿದೆ. ಆಮೇಲೆ ನನಗೂ ಅಲ್ಲಿ ಸದ್ದು ಮಾಡುವುದು ಸರಿಯಲ್ಲ ಎನ್ನಿಸಿ ಮನೆಗೆ ಬಂದುಬಿಟ್ಟೆ.

ಮರುದಿನ ಮಧ್ಯಾಹ್ನ ಕರೆಂಟ್ ಬಂತು. ಗೌರಾಮಿಗಳು ಉಳಿದಿದ್ದವು, ಅವು ಮೇಲಿನ ಗಾಳಿಯನ್ನೇ ಕುಡಿಯಬಲ್ಲ ಜಾತಿಯಂತೆ. ಸತ್ತವುಗಳನ್ನು ಸರ್ ಬಕೆಟ್ಟಿನಲ್ಲಿ ಹೊತ್ತು ಊರ ಹೊರಗೆ ಒಯ್ದು ಮಣ್ಣು ಮಾಡಿ ಬಂದರು.

ಕಾಲುವೆಗೆ ಮತ್ತೆ ನೀರು ಬಿಡುವ ಮೊದಲೇ ಅಕ್ಕನಿಗೆ ಎರಡನೆಯ ಸಲ ಲಕ್ವಾ ಹೊಡೆಯಿತು. ಈ ಸಲ ಜೀಪಿನ ಅವಶ್ಯಕತೆ ಬೀಳಲಿಲ್ಲ. ಮುಕ್ಕುಂದದಿಂದ ಬಂದ ಅಣ್ಣತಮ್ಮಂದಿರು ಮಣ್ಣು ಹೊಳೆಯ ದಂಡೆಯಲ್ಲೇ ಆಗಲಿ ಎಂದರು. ಸರ್ ಒಪ್ಪಿದರು. ಟ್ರ್ಯಾಕ್ಟರಿನಲ್ಲಿ ನಾನೂ ಹೋದೆ. ಆ ಹೊಳೆಯನ್ನು ಮೊದಲ ಸಲ ನೋಡಿದ್ದು ಹಾಗೆ.

ಟೈಪಿಂಗ್ ಕಲಿಯುವವರೂ ಕಡಿಮೆಯಾಗುತ್ತ ಬಂದರು. ಸರ್ ಮಿಷನ್ನುಗಳನ್ನು ಒಂದೊಂದಾಗಿ ಕೊಟ್ಟು, ತಮ್ಮನ ಕಿರಾಣಿ ಅಂಗಡಿಯಲ್ಲಿ ಕೂರಲು ಬಳಗಾನೂರಿಗೆ ಹೋದರು. ನನಗೆ ಮಸ್ಕಿಗೆ ವರ್ಗವಾಯಿತು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಒಮ್ಮೆ ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಸಾಮಾನು ತರಲು ಲಿಂಗಸುಗೂರಿಗೆ ಹೊರಟಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಗಳು ಎಷ್ಟನೆಯ ಇಯತ್ತೆ ಎಂದು ಕೇಳಿದರು, ಚಹಾ ಕುಡಿಸಿದರು. ಅವರ ಬಸ್ಸು ಬಂದು ನಿಂತಿತು, ಜನ ಹತ್ತತೊಡಗಿದರು. ಆಗ ಕೇಳಿದರು.

"ಟೀಚರ್, ಅವತ್ತು ಕರೆಂಟ್ ಹೋದಾಗ ನೀವೂ ಇದ್ರಿ. ಹೆಣ್ಮಕ್ಕಳಿಗೆ ತಿಳೀತೈತಿ ಅಂತ ಕೇಳ್ತೀನಿ. ಆಕಿ ಏನ್ ಅಂದ್ಲು? ಸಾಕು, ಇನ್ನ ಬ್ಯಾಡ ಅಂದ್ಲೋ... ಇಲ್ಲಾ ನಿಲ್ಲಸಬ್ಯಾಡ ಅಂದ್ಲೋ? ನಾ ನಿಲ್ಲಿಸಿಬಿಟ್ಟೆನಲ್ರೀ."

ಸಾಕು ಎಂದೇ ಅಂದರು ಎನ್ನಬಹುದಿತ್ತು. ಅವರ ಕಣ್ಣು ನೋಡಿದ ಮೇಲೆ ಅದು ನಾಲಿಗೆಯ ಮೇಲೆ ಬರಲಿಲ್ಲ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಸರ್ ಇರಲಿ ಎನ್ನುವ ಹಾಗೆ ಕೈ ಎತ್ತಿ ಬಸ್ ಹತ್ತಿದರು.

ಅವರು ತೀರಿಕೊಂಡ ಸುದ್ದಿ ನನಗೆ ಎಷ್ಟೋ ತಿಂಗಳ ಮೇಲೆ, ಬಳಗಾನೂರಿನ ಪಾಲಕರೊಬ್ಬರು ಬೇರೆ ಏನೋ ಮಾತಿನ ನಡುವೆ ಹೇಳಿದಾಗ ತಿಳಿಯಿತು. ಈಗ ನಾನೂ ನಿವೃತ್ತಳಾಗಿದ್ದೇನೆ. ಹಲ್ಲು ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡು ಮಸ್ಕಿಯ ಬಸ್ಸಿನಲ್ಲಿ ಕೂತಾಗ ಆ ಇಬ್ಬರೂ ನೆನಪಾದರು. ಕೂಡಿ ಇರಬಲ್ಲ ಮೀನುಗಳನ್ನು ಅಷ್ಟು ದಿನ ಹುಡುಕಿದ ಮನುಷ್ಯನಿಗೆ, ಮನೆಯೊಳಗಿದ್ದ ಒಂದು ಮಾತಿನ ಅರ್ಥ ಕೊನೆಯವರೆಗೂ ಸಿಗಲಿಲ್ಲ. ನಾನೂ ಆವತ್ತಿನಿಂದ ಅದನ್ನು ಎರಡೂ ರೀತಿಯಲ್ಲಿ ಮನಸ್ಸಿನಲ್ಲೇ ಹೇಳಿ ನೋಡಿದ್ದೇನೆ. ಎರಡೂ ಅಕ್ಕನ ದನಿಯ ಹಾಗೆಯೇ ಕೇಳಿಸುತ್ತವೆ. ಗೊತ್ತಾದರೂ ಹೋಗಿ ಹೇಳಲು ಈಗ ಅಲ್ಲಿ ಯಾರೂ ಇಲ್ಲ.